ಹದಿನೇಳನೇ ಗೂಡು

ಬಡಗಿ ಕೊನೆಯ ಸ್ಕ್ರೂ ಬಿಚ್ಚುತ್ತಿದ್ದಂತೆ ಬಾಗಿಲಿನ ಅಷ್ಟೂ ಭಾರ ಅವನ ಭುಜದ ಮೇಲೆ ಬಿತ್ತು. ಅವನು ಹಲ್ಲು ಕಚ್ಚಿ ನಿಂತ. ಪಕ್ಕದ ಮನೆಯ ಇಬ್ಬರು ಓಡಿಬಂದು ಇನ್ನೊಂದು ಬದಿಯಿಂದ ಹಿಡಿದುಕೊಂಡರು. ಅದನ್ನು ಹಜಾರದ ಗೋಡೆಗೆ ಒರಗಿಸುವಷ್ಟರಲ್ಲಿ ಮೂವರಿಗೂ ಏದುಸಿರು ಬಂದಿತ್ತು. ಮನೆಯೊಳಗಿನ ಕೋಣೆಯ ಬಾಗಿಲು ಅಷ್ಟು ಭಾರ ಇರುವುದಿಲ್ಲ. ಇದರ ಒಳಮೈಗೆ ಎರಡು ಪದರ ಹಲಗೆ ಹೊಡೆದು, ನಡುವೆ ಹಳೇ ಹಾಸಿಗೆಯ ಹತ್ತಿ ತುಂಬಲಾಗಿತ್ತು. ಅಂಚಿನ ಸುತ್ತ ರಬ್ಬರ್ ಪಟ್ಟಿ, ಚೌಕಟ್ಟಿನ ಒಳಗೂ ರಬ್ಬರ್. ಹೀಗೆಲ್ಲ ಮಾಡಿ ದಾರಿ ಎಷ್ಟು ಇಕ್ಕಟ್ಟಾಗಿತ್ತೆಂದರೆ, ಒಬ್ಬ ಮನುಷ್ಯ ತಾನಾಗಿ ನಡೆದು ಒಳಗೆ ಹೋಗಬಹುದಿತ್ತು, ಅಷ್ಟೇ. ಅವನನ್ನು ಹೊತ್ತು ಹೊರಗೆ ತರಲು ಆಗುತ್ತಿರಲಿಲ್ಲ.

ಒಳಗೆ ಎಣ್ಣೆ ಮೇಸ್ತ್ರಿ ಬಿಳಿ ಹೊದಿಕೆಯಡಿ ಮಲಗಿದ್ದ. ಮನೆಯಲ್ಲಿ ಅದೇ ತಂಪಾದ ಕೋಣೆ, ಬೆಳಗಾಗುವವರೆಗೆ ಅಲ್ಲೇ ಇರಲಿ ಎಂದು ಹೆಂಡತಿ ಹೇಳಿದ್ದಳು. ನಗರಸಭೆಯ ರಿಪೇರಿ ವಿಭಾಗದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಚಿಲಕ, ಕೀಲು, ನಲ್ಲಿ, ತಂತಿ ಎಂದು ದುಡಿದವನು. ಅಂಗಿಯ ಜೇಬಿನಲ್ಲಿ ಸದಾ ಒಂದು ಪುಟ್ಟ ಎಣ್ಣೆಡಬ್ಬಿ ಇರುತ್ತಿದ್ದುದರಿಂದ ಊರಿಗೆಲ್ಲ ಎಣ್ಣೆ ಮೇಸ್ತ್ರಿ. ಯಾರ ಮನೆಗೆ ಹೋದರೂ ಮಾತಾಡುತ್ತಲೇ ಅವರ ಬಾಗಿಲಿನ ಕೀಲಿಗೆ ಎರಡು ತೊಟ್ಟು ಬಿಟ್ಟೇ ಕೂರುವುದು ಅವನ ಚಾಳಿ. ಕಿರುಗುಟ್ಟುವ ಬಾಗಿಲು ಅವನಿಗೆ ಹಲ್ಲುನೋವಿದ್ದ ಹಾಗೆ ಎಂದು ಬಡಗಿ ತಮಾಷೆ ಮಾಡುತ್ತಿದ್ದ.

ಬೆಳಗಿನಿಂದ ಬಂದವರು ಯಾರೂ ಆ ಕೋಣೆಯಲ್ಲಿ ಎರಡು ನಿಮಿಷಕ್ಕಿಂತ ಹೆಚ್ಚು ನಿಂತಿರಲಿಲ್ಲ. ಹೆಣಕ್ಕೆ ಹೆದರಿ ಅಲ್ಲ. ಮೇಸ್ತ್ರಿಯ ಅಕ್ಕ ರಸ್ತೆಯಿಂದಲೇ ದೊಡ್ಡ ದನಿಯಲ್ಲಿ ಅಳುತ್ತ ಬಂದಳು, ಕೋಣೆಯ ಹೊಸ್ತಿಲು ದಾಟುತ್ತಿದ್ದಂತೆ ಆ ದನಿಗೆ ಯಾರೋ ಕತ್ತರಿ ಹಾಕಿದಂತಾಯಿತು. ಅವಳು ಅಳುವುದನ್ನೇನೂ ನಿಲ್ಲಿಸಿರಲಿಲ್ಲ. ಹಜಾರದಲ್ಲಿ ಕೂತವರಿಗೆ ಅವಳ ಬೆನ್ನು ಅಲುಗುವುದು ಕಾಣುತ್ತಿತ್ತು, ದನಿ ಮಾತ್ರ ಎಲ್ಲೋ ದೂರದ ಮನೆಯಿಂದ ಬಂದಂತೆ ಕೇಳುತ್ತಿತ್ತು. ಅವಳಿಗೂ ಅದು ತಿಳಿಯಿತೇನೋ, ಬಾಯಿಗೆ ಸೆರಗು ಒತ್ತಿಕೊಂಡು ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೊರಗೆ ಬಂದಳು. ಬಾಗಿಲು ಬಿಚ್ಚುವ ಮೊದಲು ಬಡಗಿ ಒಂದು ಸಲ ಒಳಗೆ ಹೋಗಿ, ಅಳತೆ ನೋಡಲೆಂದು ಬಾಗಿಲು ಹಾಕಿಕೊಂಡಿದ್ದ. ಅರೆ ನಿಮಿಷದಲ್ಲಿ ಅವನ ಕಿವಿಯೊಳಗೆ ಅವನದೇ ರಕ್ತ ಹರಿಯುವ ಸದ್ದು ಕೇಳತೊಡಗಿತು. ಅದಾದ ಮೇಲೆ ಅವನು ಯಾರ ಮುಖವನ್ನೂ ನೋಡದೆ ಕೆಲಸ ಮಾಡಿದ.

ಗೋಡೆಗಳಿಗೆಲ್ಲ ತೂತುತೂತಿನ ಹಲಗೆ ಹೊಡೆದಿದ್ದ ಆ ಕೋಣೆಯಲ್ಲಿ ಚಾಪೆ, ನೀರಿನ ಬಟ್ಟಲು ಬಿಟ್ಟರೆ ಏನೂ ಇರಲಿಲ್ಲ. ಹಿತ್ತಿಲ ಕಡೆಯ ಗೋಡೆಯಲ್ಲಿ ಒಂದು ಕಿಟಕಿ, ಅದೂ ಮೊಣಕಾಲೆತ್ತರಕ್ಕೆ. ಎರಡು ಗಾಜು ಒಂದರ ಹಿಂದೊಂದು ಕೂರಿಸಿ ಭದ್ರವಾಗಿ ಮುಚ್ಚಿದ್ದದ್ದು. ನಿಂತವರಿಗೆ ಅದರಿಂದ ಏನೂ ಕಾಣಿಸದು.

ಅಕ್ಕ ತಮ್ಮನ ಹೆಂಡತಿಯ ಪಕ್ಕ ಕೂತು ಮತ್ತೆ ಅದೇ ಪ್ರಶ್ನೆ ಕೇಳಿದಳು. ಬೆಳಗಿನಿಂದ ನಾಲ್ಕನೇ ಸಲ.

"ನಿನ್ನನ್ನ ಕರೀಲೇ ಇಲ್ವಾ ಅವನು?"

"ಇಲ್ಲ ಅತ್ತಿಗೆ. ಬಿದ್ದ ಸದ್ದು ಕೇಳಿಸ್ತು. ಅಡುಗೆಮನೆಯಿಂದ ಓಡಿ ಹೋದೆ. ಅಷ್ಟರಲ್ಲಿ ಆಗೋಗಿತ್ತು."

ಬಡಗಿ ಸ್ಕ್ರೂಗಳನ್ನು ಒಂದು ಲೋಟಕ್ಕೆ ಹಾಕುತ್ತಿದ್ದವನು ಕೈ ನಿಲ್ಲಿಸಿದ. ಹೆಂಡತಿ ಅವನತ್ತ ನೋಡಿದಳು. ಅವನು ಉಳಿದ ಸ್ಕ್ರೂಗಳನ್ನೂ ಲೋಟಕ್ಕೆ ಹಾಕಿ ಎದ್ದು ಹೋದ.

ಮಧ್ಯಾಹ್ನ ಮೂರರ ಹೊತ್ತಿಗೆ, ಹೊತ್ತೊಯ್ಯುವವರು ಕೋಣೆಯೊಳಗೆ ಸರಿದಾಡುತ್ತಿದ್ದಾಗ ದೊಡ್ಡಿಯ ಡಾಕ್ಟರಮ್ಮ ಬಂದರು. ದೊಡ್ಡಿ ಎಂದರೆ ಊರಾಚೆಯ ನಾಯಿಗಳ ದೊಡ್ಡಿ. ದಿಕ್ಕಿಲ್ಲದ, ಗಾಯಗೊಂಡ, ಯಾರಿಗೂ ಬೇಡವಾದ ನಾಯಿಗಳನ್ನು ನಗರಸಭೆ ಇಟ್ಟು ಸಾಕುವ ಜಾಗ. ಮೇಸ್ತ್ರಿ ನಿವೃತ್ತನಾದ ಮೇಲೂ ಅಲ್ಲಿನ ಕಟ್ಟಡದ ಕೆಲಸ ಬಿಟ್ಟಿರಲಿಲ್ಲ. ಡಾಕ್ಟರಮ್ಮ ಹೆಂಡತಿಯ ಎರಡೂ ಕೈ ಹಿಡಿದು, ಅಂಥವರು ಇನ್ನೊಬ್ಬರು ಸಿಗೋದಿಲ್ಲ ಎಂದು ಹೇಳಲು ಶುರುಮಾಡಿದರು. ಹೇಳುತ್ತಲೇ ಅವರ ಕಣ್ಣು ಬಾಗಿಲಿಲ್ಲದ ಚೌಕಟ್ಟಿನತ್ತ ಹೋಯಿತು. ಅವರು ಹತ್ತಿರ ಹೋಗಿ ಗೋಡೆಯ ಹಲಗೆಯನ್ನು ಮುಟ್ಟಿದರು, ಬಗ್ಗಿ ಕಿಟಕಿ ನೋಡಿದರು, ಚಾಪೆ ನೋಡಿದರು.

"ಇದನ್ನ ಯಾವಾಗ ಮಾಡಿದ್ರು?"

"ಎರಡು ತಿಂಗಳಾಯ್ತು," ಹೆಂಡತಿ ಹೇಳಿದಳು. "ನಿಮ್ಮ ದೊಡ್ಡಿಗೇ ಅಲ್ವಾ? ಹೊಸ ಗೂಡಿಗೆ ಪರೀಕ್ಷೆ ಮಾಡ್ತಿದ್ದೀನಿ ಅಂದ್ರು."

"ಹೊಸ ಗೂಡು ಯಾವುದೂ ಇಲ್ಲಮ್ಮ. ಇದು ನಮ್ಮಲ್ಲಿ ಆಗಲೇ ಇದೆ. ಹನ್ನೊಂದು ವರ್ಷ ಆಯ್ತು."

"ಯಾವುದಿದೆ?"

"ಇದೇ. ಇಷ್ಟೇ ಉದ್ದ, ಇದೇ ಹಲಗೆ, ಇದೇ ಕಿಟಕಿ. ಹದಿನೇಳನೇ ಗೂಡು."

ಆ ಗೂಡಿನಲ್ಲಿ ಯಾವ ನಾಯಿಯನ್ನು ಇಡುತ್ತೀರಿ ಎಂದು ಹೆಂಡತಿ ಕೇಳಿದಳು. ಇವತ್ತು ಬೇಡ, ಇನ್ನೊಂದು ದಿನ ಬಂದು ಹೇಳ್ತೀನಿ ಎಂದು ಡಾಕ್ಟರಮ್ಮ ಮೆಲ್ಲಗೆ ಅಂದರು. ಅಷ್ಟರಲ್ಲಿ ನಾಲ್ವರು ಮೇಸ್ತ್ರಿಯನ್ನು ಎತ್ತಿ ಹೊಸ್ತಿಲು ದಾಟಿಸಿದರು. ಹೆಂಡತಿ ಗಂಡನ ಮುಖವನ್ನು ನೋಡಲಿಲ್ಲ, ಖಾಲಿಯಾದ ಚಾಪೆಯನ್ನೇ ನೋಡುತ್ತ ನಿಂತಳು.

"ಸ್ಮಶಾನಕ್ಕೆ ಹೋಗೋ ದಾರಿಯಲ್ಲೇ ಅಲ್ವಾ ನಿಮ್ಮ ದೊಡ್ಡಿ," ಎಂದಳು. "ಗಾಡಿ ಅಲ್ಲಿ ನಿಲ್ಲಲಿ. ನಾನು ನೋಡಬೇಕು."

*

ಮೂವತ್ತೊಂದು ವರ್ಷದ ಕೆಳಗೆ ಮೇಸ್ತ್ರಿ ದೊಡ್ಡಿಗೆ ಮೊದಲ ಸಲ ಹೋದದ್ದು ಒಂದು ಚಿಲಕ ಸರಿಮಾಡಲು. ಆವತ್ತು ವಿಭಾಗದಲ್ಲಿ ಬೇರೆ ಯಾರೂ ಇರಲಿಲ್ಲ. ಇದ್ದಿದ್ದರೆ ಅವನು ಖಂಡಿತ ಹೋಗುತ್ತಿರಲಿಲ್ಲ. ನಾಯಿ ಎಂದರೆ ಅವನಿಗೆ ಕೈಕಾಲು ಆಡುತ್ತಿರಲಿಲ್ಲ. ರಸ್ತೆಯ ಆ ಕೊನೆಯಲ್ಲಿ ನಾಯಿ ಕಂಡರೆ ಈ ಕೊನೆಯಿಂದಲೇ ಬೇರೆ ಬೀದಿಗೆ ತಿರುಗುತ್ತಿದ್ದ. ಆದರೆ ಅದನ್ನು ಮೇಲಧಿಕಾರಿಗೆ ಹೇಳುವುದು ಹೇಗೆ?

ಉದ್ದನೆಯ ಶೆಡ್ಡು, ಮೇಲೆ ತಗಡು. ಈ ಕಡೆ ಎಂಟು ಗೂಡು, ಆ ಕಡೆ ಎಂಟು, ನಡುವೆ ಓಣಿ. ಎಲ್ಲದಕ್ಕೂ ಕಬ್ಬಿಣದ ಸರಳು. ಅವನು ಕಾಲಿಟ್ಟದ್ದೇ ತಡ, ನಲವತ್ತು ನಾಯಿಗಳು ಒಟ್ಟಿಗೆ ಬೊಗಳಿದವು. ತಗಡಿನ ಕೆಳಗೆ ಆ ಸದ್ದು ಎರಡರಷ್ಟಾಗಿ ತಲೆಯ ಮೇಲೆ ಬಿದ್ದಂತಾಯಿತು. ಅವನು ಗೋಡೆಗೆ ಅಂಟಿಕೊಂಡು ನಿಂತ, ಅಂಗಿ ಬೆವರಿನಿಂದ ಒದ್ದೆಯಾಯಿತು. ಕಾವಲುಗಾರ ನಗುತ್ತ, ಇವುಗಳ ಸಿಟ್ಟೇ ಹಾಗೆ, ಹೆದರಬೇಡಿ ಎಂದ.

ಅವನ ಎದುರಿಗೆ ನಾಲ್ಕನೇ ಗೂಡಿನಲ್ಲಿ ಒಂದು ಕಪ್ಪು ನಾಯಿ ಇತ್ತು. ಅದೂ ಹಿಂದಿನ ಗೋಡೆಗೆ ಅಂಟಿಕೊಂಡು ನಿಂತು ಬೊಗಳುತ್ತಿತ್ತು. ಕಾವಲುಗಾರ ಪಕ್ಕದ ಗೂಡಿನ ಅಗುಳಿಯನ್ನು ಢಣ್ಣೆಂದು ಹಾಕಿದಾಗ ಅದು ನಿಂತಲ್ಲೇ ಉಚ್ಚೆ ಮಾಡಿಕೊಂಡಿತು. ಮೇಸ್ತ್ರಿ ಆ ನಾಯಿಯನ್ನು ನೋಡಿದ, ಅದು ಅವನನ್ನು ನೋಡಿತು. ಇಬ್ಬರ ಕಾಲೂ ನಡುಗುತ್ತಿದ್ದವು. ಇದು ಸಿಟ್ಟಲ್ಲ ಎಂದು ಅವನಿಗೆ ಆ ಗಳಿಗೆಯಲ್ಲಿ ತಿಳಿಯಿತು. ಊರಿನಲ್ಲಿ ಬೇರೆ ಯಾರಿಗೂ ತಿಳಿಯದ ವಿಷಯ, ಅವನಿಗೆ ಮಾತ್ರ ತಿಳಿಯುವಂಥದ್ದು.

ಮುಂದಿನ ವಾರ, ಯಾರೂ ಹೇಳದಿದ್ದರೂ, ಅವನು ಮತ್ತೆ ಹೋದ. ನಾಯಿಗಳನ್ನು ಅಂಗಳಕ್ಕೆ ಬಿಟ್ಟು ಗೂಡು ತೊಳೆಯುವ ಹೊತ್ತು ನೋಡಿ ಹೋದ. ಖಾಲಿಯಿದ್ದ ನಾಲ್ಕನೇ ಗೂಡಿಗೆ ಹೊಕ್ಕು, ಹೊರಗಿನಿಂದ ಅಗುಳಿ ಹಾಕಲು ಹೇಳಿ, ಮೊಣಕಾಲು ಎದೆಗೆ ಎಳೆದುಕೊಂಡು ನೆಲದ ಮೇಲೆ ಒಂದು ಗಂಟೆ ಕೂತ. ಕಾವಲುಗಾರ ಈ ಮನುಷ್ಯನಿಗೆ ತಲೆ ಕೆಟ್ಟಿದೆ ಎಂದುಕೊಂಡ. ಹೊರಗೆ ಬಂದವನು ಒಂದು ಹಾಳೆಯಲ್ಲಿ ಹನ್ನೊಂದು ಸಂಗತಿ ಬರೆದ. ಅಗುಳಿ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ನೆಲದಲ್ಲಿ ನೀರು ನಿಂತು ಮೈಗೆ ಶೀತ ಹತ್ತುತ್ತದೆ. ಎದುರಿನ ಗೂಡಿನ ಕಣ್ಣುಗಳಿಂದ ತಪ್ಪಿಸಿಕೊಳ್ಳಲು ಒಂದು ಮೂಲೆಯೂ ಇಲ್ಲ. ಟ್ಯೂಬ್‌ಲೈಟು ಗುಂಯ್ ಎನ್ನುತ್ತದೆ. ಬರುವವರು ಯಾರೆಂದು ಅವರು ಮೈಮೇಲೆ ಬಂದು ನಿಲ್ಲುವವರೆಗೆ ತಿಳಿಯುವುದಿಲ್ಲ. ಹೀಗೆ. ಡಾಕ್ಟರಮ್ಮ ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗಿ. ಆ ಹಾಳೆಯನ್ನು ಓದಿ, ಇದನ್ನ ಯಾವ ಪುಸ್ತಕದಿಂದ ಬರ್ಕೊಂಡ್ರಿ ಎಂದು ಕೇಳಿದ್ದರು.

ಬಡಗಿ ಜೊತೆಯಾದ. ಊರಿನ ಹಳೇ ಸಿನಿಮಾ ಹಾಲನ್ನು ಕೆಡವಿದಾಗ ಅದರ ಗೋಡೆಗೆ ಹೊಡೆದಿದ್ದ ತೂತುತೂತಿನ ಹಲಗೆಗಳನ್ನು, ಸದ್ದು ನುಂಗುವ ಹಲಗೆಗಳನ್ನು, ಇಬ್ಬರೂ ಕೈಗಾಡಿಯಲ್ಲಿ ತಂದು ತಗಡಿನ ಕೆಳಗೆ ಹೊಡೆದರು. ಗೂಡಿನಿಂದ ಗೂಡಿಗೆ ಕಣ್ಣು ಕೂಡದಂತೆ ಅರ್ಧಗೋಡೆ ಎದ್ದಿತು. ನೆಲಕ್ಕೆ ಇಳಿಜಾರು ಬಂತು. ಪ್ರತಿ ಗೂಡಿನಲ್ಲೂ ಅಡಗಿ ಕೂರಲು ಒಂದು ಮರದ ಪೆಟ್ಟಿಗೆ, ಮಲಗಿದರೆ ಹೊರಗಿನ ಬೆಳಕು ಕಾಣುವಂತೆ ತಗ್ಗಿನ ಕಿಟಕಿ. ಕೀಲುಗಳಿಗೆ ಎಣ್ಣೆ, ಅಗುಳಿಗಳಿಗೆ ರಬ್ಬರ್. ವರ್ಷಗಟ್ಟಲೆ ಹಿಡಿಯಿತು. ಅಷ್ಟು ವರ್ಷದಲ್ಲಿ ಅವನು ಒಂದು ನಾಯಿಯ ಮೈಯನ್ನೂ ಮುಟ್ಟಲಿಲ್ಲ. ಅವು ಅಂಗಳದಲ್ಲಿದ್ದರೆ ಇವನು ಒಳಗೆ, ಅವು ಒಳಗೆ ಬಂದರೆ ಇವನು ಗೇಟಿನಾಚೆ.

ದೊಡ್ಡಿ ಸುಮ್ಮನಾಯಿತು. ನಲವತ್ತು ನಾಯಿಗಳಿದ್ದೂ ಸದ್ದಿಲ್ಲ. ನೋಡಲು ಬಂದವರಿಗೆ ಅದು ಹಿತವೆನಿಸಲಿಲ್ಲ. ಇವುಗಳಿಗೆ ಏನಾದರೂ ಕುಡಿಸ್ತೀರಾ ಎಂದು ಕೇಳಿದವರಿದ್ದರು. ಪರಿಶೀಲನೆಗೆ ಬಂದ ನಗರಸಭೆಯ ಸದಸ್ಯರೊಬ್ಬರು ಮೂರನೇ ಗೂಡಿನವರೆಗೆ ನಡೆದು, ಎರಡೂ ಕಡೆಯಿಂದ ತಮ್ಮನ್ನೇ ನೋಡುವ ಕಣ್ಣುಗಳನ್ನು ನೋಡಿ, ಎಲ್ಲ ಸರಿಯಾಗಿದೆ ಎಂದು ಅಲ್ಲಿಂದಲೇ ತಿರುಗಿ ಹೋಗಿದ್ದರು.

*

ಗಾಡಿಯ ನಡುವೆ ಮೇಸ್ತ್ರಿ, ಎರಡು ಬದಿಯ ಬೆಂಚುಗಳಲ್ಲಿ ನಾಲ್ವರು: ಹೆಂಡತಿ, ಅಕ್ಕ, ಬಡಗಿ, ಡಾಕ್ಟರಮ್ಮ. ಸ್ಮಶಾನದ ಗೇಟನ್ನು ಐದಕ್ಕೆ ಹಾಕುತ್ತಾರೆ, ನಡುವೆ ನಿಲ್ಲಿಸಿದರೆ ಹೊತ್ತು ಮೀರಬಹುದು ಎಂದು ಬಡಗಿ ಮೊದಲೇ ಎಚ್ಚರಿಸಿದ್ದ. ಗಾಡಿಯವನು ಮಾತ್ರ, ತನ್ನ ಗಾಡಿ ಹತ್ತಿದವರು ಯಾರೂ ಇದುವರೆಗೆ ತಡವಾಯಿತೆಂದು ದೂರು ಕೊಟ್ಟಿಲ್ಲ ಎಂದು ಹೇಳಿ ಹೊರಡಿಸಿದ್ದ. ಯಾರೂ ನಕ್ಕಿರಲಿಲ್ಲ.

ಅಕ್ಕನಿಗೆ ಸಿಟ್ಟು ಇಳಿದಿರಲಿಲ್ಲ. ಹೆಣ ಇಟ್ಟುಕೊಂಡು ಯಾರಾದರೂ ನಾಯಿದೊಡ್ಡಿಗೆ ಹೋಗುತ್ತಾರೆಯೇ ಎಂದು ಅವಳು ಗೊಣಗುತ್ತಲೇ ಇದ್ದಳು. ಅದೂ ಇವನನ್ನು. ಏಳು ವರ್ಷದವನಿದ್ದಾಗ ಪಾಳುಬಿದ್ದ ಕಾರ್ಖಾನೆಯ ಹಿಂದೆ ಒಂದು ನಾಯಿ ಇವನ ಮೀನಖಂಡಕ್ಕೆ ಬಾಯಿ ಹಾಕಿ ಹಿಡಿದುಕೊಂಡಿತ್ತಂತೆ. ಅಕ್ಕ ಗೋಡೆಯ ಈಚೆಗೇ ಆಡುತ್ತಿದ್ದಳಂತೆ.

"ಹತ್ತು ಹೆಜ್ಜೆ ಇರ್ಲಿಲ್ಲ," ಎಂದಳು ಅಕ್ಕ. "ಒಂದೇ ಒಂದು ಸಲ ಕೂಗಿದ್ರೆ ಸಾಕಿತ್ತು. ಕೂಗ್ಲೇ ಇಲ್ಲ. ಯಾಕೋ ಕೂಗ್ಲಿಲ್ಲ ಅಂತ ಕೇಳಿದ್ರೆ, ನೀನು ಹೆದರ್ಕೋತೀಯ ಅಂತ ಅಂದ. ಏಳು ವರ್ಷ ಅವನಿಗೆ."

ಗಾಡಿ ಒಂದು ಹಳ್ಳ ದಾಟಿತು. ಬಡಗಿ ತಾನೊಂದು ಮಾತು ಹೇಳಬೇಕು ಎಂದ. ಸಿನಿಮಾ ಹಾಲಿನ ಹಲಗೆಗಳಲ್ಲಿ ಉಳಿದ ಒಂದಿಷ್ಟು ಇಷ್ಟು ವರ್ಷವೂ ತನ್ನ ಶೆಡ್ಡಿನಲ್ಲೇ ಬಿದ್ದಿದ್ದವು. ಎರಡು ತಿಂಗಳ ಕೆಳಗೆ ಮೇಸ್ತ್ರಿ ಬಂದು ಅವೆಲ್ಲವನ್ನೂ ಕೈಗಾಡಿಯಲ್ಲಿ ಒಬ್ಬನೇ ತಳ್ಳಿಕೊಂಡು ಹೋದ. ನಾನೂ ಬರುತ್ತೇನೆ ಎಂದರೆ ಬೇಡವೆಂದ. ಯಾವ ಕೆಲಸಕ್ಕೆ ಎಂದು ಕೇಳಿದ್ದಕ್ಕೆ...

"ಇನ್ನೊಂದು ಗೂಡು ಬಾಕಿ ಇದೆ ಅಂದ. ಅಷ್ಟೇ ಅಂದಿದ್ದು. ನಾನು ದೊಡ್ಡೀದು ಅಂದ್ಕೊಂಡೆ."

ಡಾಕ್ಟರಮ್ಮ ಮುಖ ತಿರುಗಿಸಿ ಕಿಟಕಿಯಾಚೆ ನೋಡತೊಡಗಿದರು. ಹೆಂಡತಿ ಹೊದಿಕೆಯ ಒಂದು ಮಡಿಕೆಯನ್ನು ಸರಿಮಾಡಿದಳು.

"ಬಿದ್ದ ಸದ್ದು ನನಗೆ ಕೇಳಿಸಲಿಲ್ಲ ಅತ್ತಿಗೆ," ಎಂದಳು. "ಬೆಳಗಿಂದ ಸುಳ್ಳು ಹೇಳ್ತಿದ್ದೆ. ಏನೂ ಕೇಳಿಸಲಿಲ್ಲ."

*

ಎರಡು ತಿಂಗಳ ಹಿಂದೆ ಅವನು ಆಸ್ಪತ್ರೆಗೆ ಒಬ್ಬನೇ ಹೋಗಿ ಬಂದಿದ್ದ. ಏನಂದರು ಎಂದು ಅವಳು ಕೇಳಿದಾಗ, ವಯಸ್ಸಾಯಿತು ಅಂದರು, ಅದು ನನಗೂ ಗೊತ್ತಿತ್ತು ಎಂದು ನಕ್ಕಿದ್ದ. ಮರುದಿನವೇ ಸಾಮಾನು ಕೋಣೆ ಖಾಲಿ ಮಾಡಲು ಶುರುಮಾಡಿದ. ಅವಳು ಬೈದಳು. ಇರುವ ಹಳೇ ಪೆಟ್ಟಿಗೆಗಳನ್ನೆಲ್ಲ ಎಲ್ಲಿ ಇಡೋದು, ಮನೆಯನ್ನೂ ದೊಡ್ಡಿ ಮಾಡ್ತೀರಾ ಎಂದು. ಅವನು ಪೆಟ್ಟಿಗೆಗಳನ್ನು ಮಂಚದ ಕೆಳಗೆ ಒಂದೊಂದಾಗಿ ಸೇರಿಸಿಟ್ಟ. ಹದಿನೈದು ದಿನ ಬಡಿಯುವ ಸದ್ದು ಕೇಳುತ್ತಿತ್ತು. ಬಾಗಿಲು ಕೂರಿಸಿದ ಮೇಲೆ ಅದೂ ಕೇಳಲಿಲ್ಲ. ಆಗಾಗ ಅವಳನ್ನು ಹಜಾರದಲ್ಲಿ ನಿಲ್ಲಿಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಹೊರಗೆ ಬಂದು, ಏನಾದರೂ ಕೇಳಿಸಿತಾ ಎಂದು ಕೇಳುತ್ತಿದ್ದ. ಮೊದಮೊದಲು ಗೊಣಗಿದ ಹಾಗೆ ಕೇಳಿಸಿತು ಎನ್ನುತ್ತಿದ್ದಳು. ಒಂದು ದಿನ, ಇಲ್ಲ, ಏನೂ ಇಲ್ಲ ಎಂದಳು. ಆವತ್ತು ಅವನು ಉಳಿ ಸುತ್ತಿಗೆ ತೊಳೆದು ಒರೆಸಿ ಚೀಲಕ್ಕೆ ಹಾಕಿದ.

ನಿನ್ನೆ ಊಟವಾದ ಮೇಲೆ ಅವನು ಅರ್ಧ ಲೋಟ ನೀರು ಕುಡಿದು, ಸ್ವಲ್ಪ ಹೊತ್ತು ಒಳಗೆ ಅಡ್ಡಾಗುತ್ತೇನೆ ಎಂದ. ಹಣೆಯ ಮೇಲೆ ಬೆವರಿತ್ತು. ಸೆಖೆ ಎಂದುಕೊಂಡಳು. ಹೊಸ್ತಿಲಲ್ಲಿ ನಿಂತು ತಿರುಗಿ ನೋಡಿದ.

"ಹಿತ್ತಿಲಲ್ಲಿ ಬಟ್ಟೆ ಒಣಗಿದೆಯೇನೋ ನೋಡು," ಎಂದ.

ಬಾಗಿಲು ಹಾಕಿಕೊಂಡಿತು. ಅವನ ಬಾಗಿಲುಗಳೆಲ್ಲ ಹಾಗೇ, ಹಾಕಿಕೊಂಡದ್ದು ಕಣ್ಣಿಗೆ ಕಂಡರೆ ಮಾತ್ರ ತಿಳಿಯುವುದು.

ಅವಳು ಹಿತ್ತಿಲಿಗೆ ಹೋದಳು. ತೆಳುವಾದವು ಒಣಗಿದ್ದವು, ತೆಗೆದುಕೊಂಡು ಬಂದಳು. ದಪ್ಪ ಹೊದಿಕೆಗಳ ಅಂಚು ಇನ್ನೂ ಹಸಿ ಇತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೋಗಿ ಅವನ್ನು ಬಿಸಿಲಿನ ಕಡೆಗೆ ತಿರುಗಿಸಿ ಹಾಕಿದಳು. ಮೂರನೇ ಸಲ ಹೋಗಿ ಎಲ್ಲ ತಂದಳು. ಹಗ್ಗ ಕಟ್ಟಿದ್ದದ್ದು ಆ ತಗ್ಗಿನ ಕಿಟಕಿಯ ಮುಂದೆಯೇ. ಅವಳು ಬಗ್ಗಿ ನೋಡಲಿಲ್ಲ. ಯಾಕೆ ನೋಡಬೇಕು? ಆಮೇಲೆ ಕೂತು ಒಂದೊಂದೇ ಬಟ್ಟೆ ಇಸ್ತ್ರಿ ಮಾಡಿದಳು. ಏನೋ ಒಂದು ಹಾಡು ಗುನುಗುತ್ತಲೂ ಇದ್ದಳು. ಐದು ಗಂಟೆಗೆ ಕಾಫಿ ಮಾಡಿ, ಲೋಟ ಹಿಡಿದು, ಬಾಗಿಲು ತಳ್ಳಿದಳು.

ಅವನು ಚಾಪೆಯ ಮೇಲೆ ಪಕ್ಕಕ್ಕೆ ಹೊರಳಿದ್ದ. ನೀರಿನ ಬಟ್ಟಲು ಮಗುಚಿ ಗೋಡೆಯವರೆಗೆ ಹೋಗಿ ಬಿದ್ದಿತ್ತು. ಒಂದು ಕಡೆಯ ಹಲಗೆಯ ಮೇಲೆ ಉಗುರಿನ ಗೀರುಗಳಿದ್ದವು. ಮುಖ ಕಿಟಕಿಯ ಕಡೆಗಿತ್ತು, ಕಣ್ಣು ತೆರೆದಿತ್ತು. ಯಾರನ್ನೂ ಕರೆಯುವ ಮೊದಲು ಅವಳು ನೆಲ ಒರೆಸಿದಳು, ಬಟ್ಟಲನ್ನು ಅದರ ಜಾಗದಲ್ಲಿಟ್ಟಳು, ಆ ಹಲಗೆಯನ್ನು ಒದ್ದೆ ಬಟ್ಟೆಯಿಂದ ತಿಕ್ಕಿದಳು.

*

ಗಾಡಿ ನಿಂತಾಗ ನಾಲ್ಕೂಕಾಲು. ಅಕ್ಕ ಇಳಿಯಲಿಲ್ಲ. ತಮ್ಮನನ್ನು ಒಬ್ಬನೇ ಬಿಡುವುದಿಲ್ಲ ಎಂದು ಕೂತಲ್ಲೇ ಕೂತಳು. ಹೆಂಡತಿ ಇಳಿಯುವಾಗ ಅವಳ ಕೈಯನ್ನು ಒಂದು ಸಲ ಒತ್ತಿದಳು, ಅಷ್ಟೇ.

ದೊಡ್ಡಿಯ ಅಂಗಳಕ್ಕೆ ಜಲ್ಲಿ ಹಾಸಿತ್ತು. ಹೆಜ್ಜೆಯಿಟ್ಟರೆ ಕರಕರ ಸದ್ದು. ಬರುವವರು ಯಾರೆಂದು ಒಳಗಿನವುಗಳಿಗೆ ಮೊದಲೇ ತಿಳಿಯಲಿ ಎಂದು ಮೇಸ್ತ್ರಿಯೇ ಹಾಕಿಸಿದ್ದು ಎಂದು ಡಾಕ್ಟರಮ್ಮ ಹೇಳಿದರು. ಹೆಂಡತಿ ಶೆಡ್ಡಿನ ಒಳಗೆ ಕಾಲಿಟ್ಟಳು. ಮೂವತ್ತು ವರ್ಷ ಗಂಡನ ಬಾಯಲ್ಲಿ ಕೇಳಿದ್ದ ಜಾಗವನ್ನು ಅವಳು ನೋಡಿದ್ದು ಅದೇ ಮೊದಲು. ಅರ್ಧಗೋಡೆಗಳ ಹಿಂದೆ ನಾಯಿಗಳಿದ್ದವು, ಎಚ್ಚರವಾಗಿಯೇ ಇದ್ದವು. ಒಂದೊಂದು ಗೂಡು ದಾಟುವಾಗಲೂ ತಲೆಗಳು ಎದ್ದು ಅವಳತ್ತ ತಿರುಗಿದವು. ಒಂದೂ ಬೊಗಳಲಿಲ್ಲ. ಒಂದು ಮಾತ್ರ ಹತ್ತಿರ ಬಂದು ಅವಳ ಸೀರೆಯ ಅಂಚನ್ನು ಮೂಸಿ, ಬಹಳ ಹೊತ್ತು ಮೂಸಿ, ಮೆಲ್ಲಗೆ ಪೆಟ್ಟಿಗೆಯೊಳಗೆ ಹೋಗಿ ಕೂತಿತು.

ಹದಿನೇಳನೇ ಗೂಡು ಕೊನೆಯಲ್ಲಿ, ಉಳಿದವುಗಳಿಂದ ಒಂದಿಷ್ಟು ಬೇರೆಯಾಗಿ, ಓಣಿ ತಿರುಗುವ ಕಡೆ ಇತ್ತು. ಸರಳಿರಲಿಲ್ಲ, ಬಾಗಿಲಿತ್ತು. ಅದನ್ನು ನೋಡಿದ್ದೇ ಬಡಗಿ ಗೋಡೆ ಹಿಡಿದುಕೊಂಡ. ಹನ್ನೊಂದು ವರ್ಷದ ಹಿಂದೆ ಆ ಬಾಗಿಲು ಕೂರಿಸಿದ್ದು ಅವನೇ. ಬೆಳಗ್ಗೆ ಅದರದೇ ಜೋಡಿಯನ್ನು ಭುಜದ ಮೇಲೆ ಹೊತ್ತಾಗಲೂ ಅವನಿಗೆ ಹೊಳೆದಿರಲಿಲ್ಲ.

ಡಾಕ್ಟರಮ್ಮ ಬಾಗಿಲು ತೆಗೆದರು. ಅದೇ ಉದ್ದಗಲ. ಚಾಪೆ, ನೀರಿನ ಬಟ್ಟಲು, ತಗ್ಗಿನ ಕಿಟಕಿ. ಚಾಪೆಯ ಮೇಲೆ ಕಂದು ಬಣ್ಣದ ಒಂದು ಮುದಿ ಹೆಣ್ಣುನಾಯಿ ಮಲಗಿತ್ತು. ಬೆಳಗ್ಗೆ ತಾನೇ ಇದನ್ನು ಇಲ್ಲಿಗೆ ತಂದದ್ದು, ಇವತ್ತೋ ನಾಳೆಯೋ ಎಂದು ಡಾಕ್ಟರಮ್ಮ ಹೇಳಿದರು. ಕಿವಿ ಒಂಚೂರೂ ಕೇಳಿಸದು, ಹಿಂದಿನಿಂದ ಮುಟ್ಟಬೇಡಿ, ಎದುರಿಗೆ ಬಂದು ಕೈ ತೋರಿಸಿ ಎಂದರು.

ಇದು ಸಾಯುವ ನಾಯಿಗಳ ಜಾಗವೇ ಎಂದು ಹೆಂಡತಿ ಕೇಳಿದಳು. ಆ ಪ್ರಶ್ನೆಗೆ ಡಾಕ್ಟರಮ್ಮ ಮನೆ ಬಿಟ್ಟಾಗಿನಿಂದ ತಯಾರಾಗಿದ್ದಂತಿತ್ತು.

"ನೋವು ತಡೆಯೋಕೆ ನಾನು ಔಷಧಿ ಕೊಡ್ತೀನಿ. ಆದ್ರೂ ಕೊನೇ ಹೊತ್ತಲ್ಲಿ ಕೆಲವು ಒಂಥರಾ ಸದ್ದು ಮಾಡ್ತವೆ ಅಮ್ಮ. ಬೊಗಳೋದಲ್ಲ, ಬೇರೆ. ಅದು ಕಿವಿಗೆ ಬಿದ್ರೆ ಉಳಿದವು ಎರಡು ಮೂರು ದಿನ ಅನ್ನ ಮುಟ್ತಿರ್ಲಿಲ್ಲ. ಒಂದು ನಾಯಿ ತನ್ನ ಕಾಲನ್ನೇ ಕಚ್ಚಿಕೊಂಡು ಗಾಯ ಮಾಡ್ಕೊಂಡಿತ್ತು. ಅದನ್ನ ನೋಡಿದ ಮೇಲೆ ಇವರು ಇದನ್ನ ಕಟ್ಟಿದ್ರು. ಸಾಯೋ ನಾಯಿಗೆ ನೆಮ್ಮದಿ ಆಗಲಿ ಅಂತ ಕಟ್ಟಿದ್ರಲ್ಲ, ಒಳ್ಳೇದಾಯ್ತು ಅಂದೆ. ಇದು ಸಾಯೋದಕ್ಕಲ್ಲ ಡಾಕ್ಟರಮ್ಮ, ಉಳಿಯೋವುಕ್ಕೆ ಅಂದ್ರು."

ಹೆಂಡತಿಯ ಕಣ್ಣು ತಗ್ಗಿನ ಕಿಟಕಿಯ ಕಡೆಗೆ ಹೋಯಿತು.

"ಆಮೇಲೆ ಒಂದು ವಾರ ಬಿಟ್ಟು ಬಂದು, ಕಿಟಕಿ ಬೇಕು ಅಂದ್ರು. ಒಳಗಿರೋದಕ್ಕೆ ಯಾರಾದ್ರೂ ಓಡಾಡೋದು ಕಾಣ್ತಿದ್ರೆ ಸಾಕು, ಒಂಟಿ ಅನ್ಸಲ್ಲ ಅಂದ್ರು."

ಹೆಂಡತಿ ಒಳಗೆ ಹೋಗಿ ನಾಯಿಯ ಎದುರಿಗೆ ಕೂತಳು. ಕೈ ತೋರಿಸಿದಳು. ನಾಯಿ ಮೂಗು ಚಾಚಿ ಅದನ್ನು ಮೂಸಿತು. ಆಮೇಲೆ ಅವಳು ನಾಯಿಯ ಪಕ್ಕದಲ್ಲಿ, ಅದರ ಎತ್ತರಕ್ಕೇ ತಲೆ ತಗ್ಗಿಸಿ, ಕಿಟಕಿಯಾಚೆ ನೋಡಿದಳು. ಹೊರಗಿನ ದಾರಿಯಲ್ಲಿ ಕೆಲಸದ ಹೆಂಗಸೊಬ್ಬಳು ನಾಯಿಯನ್ನು ತಿರುಗಾಡಿಸುತ್ತ ಹೋದಳು. ಕಂಡದ್ದು ಅವಳ ಪಾದಗಳು, ಕಣಕಾಲು, ಸೀರೆಯ ಅಂಚು. ಅತ್ತ ಹೋಯಿತು, ಇತ್ತ ಬಂತು.

"ಮೂರು ಸಲ," ಎಂದಳು ಹೆಂಡತಿ.

"ಏನಮ್ಮ?"

"ಬಾಗಿಲು ಹಾಕಿ."

ಡಾಕ್ಟರಮ್ಮ ಬಡಗಿಯ ಮುಖ ನೋಡಿದರು. ಅವರು ಬಾಗಿಲು ಹಾಕಿದರು.

ಐದು ನಿಮಿಷ ಕಾದರು. ಹತ್ತು ನಿಮಿಷವಾಯಿತು. ರಸ್ತೆಯಿಂದ ಗಾಡಿಯವನು ಒಂದು ಸಲ ಹಾರನ್ ಒತ್ತಿದ, ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಒತ್ತಿದ. ನಾಲ್ಕೂವರೆ ಆಗಿತ್ತು, ಈಗ ಹೊರಟರೆ ಮಾತ್ರ ಗೇಟು ಹಾಕುವ ಮೊದಲು ತಲುಪಬಹುದಿತ್ತು. ಬಡಗಿ ಅಂಗೈಯಿಂದ ಬಾಗಿಲು ತಟ್ಟಿದ. ಹಾಸಿಗೆಗೆ ತಟ್ಟಿದಂತಾಯಿತು. ಅಮ್ಮಾ, ಹೊತ್ತಾಯ್ತು ಎಂದು ಕರೆದ. ಬಾಗಿಲಿಗೆ ಕಿವಿಯಿಟ್ಟು ಕೇಳಿದ, ಏನೂ ಇರಲಿಲ್ಲ. ಅವನಿಗೆ ಹೆದರಿಕೆಯಾಯಿತು. ಬಾಗಿಲು ತೆಗೆಯಲು ಕೈ ಹೋಯಿತು, ಆದರೆ ತೆಗೆಯಲಿಲ್ಲ. ಶೆಡ್ಡನ್ನು ಸುತ್ತಿಕೊಂಡು ಹಿಂದಿನ ದಾರಿಗೆ ಓಡಿದ.

ಕಿಟಕಿ ಅಷ್ಟು ತಗ್ಗಿನಲ್ಲಿತ್ತು, ಅವನು ಮೊಣಕಾಲೂರಿದರೂ ಸಾಲದೆ, ಜಲ್ಲಿಯ ಮೇಲೆ ಬೋರಲಾಗಿ ಮಲಗಿ, ಗಾಜಿಗೆ ಎರಡೂ ಕೈ ಮರೆಮಾಡಿ ಒಳಗೆ ನೋಡಿದ.

ಅವಳು ಕೂಗುತ್ತಿದ್ದಳು. ನಾಯಿಯ ತಲೆ ಅವಳ ಮಡಿಲಲ್ಲಿತ್ತು, ಅವಳ ಒಂದು ಕೈ ಅದರ ಕಿವಿಗಳ ನಡುವೆ ಮೆಲ್ಲಗೆ ಆಡುತ್ತಿತ್ತು. ಮುಖವನ್ನು ಮೇಲಕ್ಕೆತ್ತಿ ಅವಳು ಬಾಯಿ ಪೂರ್ತಿ ತೆರೆದಿದ್ದಳು. ಕುತ್ತಿಗೆಯ ನರಗಳು ಉಬ್ಬಿದ್ದವು. ಉಸಿರೆಳೆದುಕೊಂಡು, ತನ್ನ ಶಕ್ತಿಯನ್ನೆಲ್ಲ ಹಾಕಿ, ಒಂದೇ ಶಬ್ದವನ್ನು ಮತ್ತೆ ಮತ್ತೆ ಕೂಗುತ್ತಿದ್ದಳು. ತುಟಿಗಳ ಆಕಾರದಿಂದ ಅದು ಯಾವ ಶಬ್ದವೆಂದು ಬಡಗಿಗೆ ತಿಳಿಯಲಿಲ್ಲ. ಗಾಜಿಗೆ ಮೂಗು ತಾಗುವಷ್ಟು ಹತ್ತಿರದಲ್ಲಿ ಅವನು ಉಸಿರು ಬಿಗಿಹಿಡಿದು ಕಿವಿಗೊಟ್ಟ.

ಗೋಡೆಯಾಚೆ, ಹದಿನಾರನೇ ಗೂಡಿನಲ್ಲಿ, ಒಂದು ನಾಯಿ ಆಕಳಿಸಿತು. ಅದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.